ಹಾಸಿಗೆಯಿಂದ ಅಂಗಳಕ್ಕೊಂದು ದಾರಿ

ನಮ್ಮ ಅಡಿಕೆ ಸೀಮೆಯ ಮನೆಗಳನ್ನು ಕಟ್ಟಿದ್ದು ಗಟ್ಟಿ ಕಾಲಿನವರಿಗಾಗಿ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಲು, ಜಗಲಿಯಿಂದ ಚಾವಡಿಗೆ ಇನ್ನೊಂದು, ಪ್ರತಿ ಕೋಣೆಗೂ ಹೊಸ್ತಿಲು. ಬಚ್ಚಲುಮನೆ ಹತ್ತು ಹೆಜ್ಜೆ ಆಚೆ, ಕಕ್ಕಸು ಅದಕ್ಕೂ ಆಚೆ. ಮಳೆಗಾಲದಲ್ಲಿ ಈ ಎಲ್ಲದರ ನಡುವೆ ಹಾವಸೆ ಹಿಡಿದ ಅಂಗಳ. ಆರೋಗ್ಯವಾಗಿರುವಷ್ಟು ದಿನ ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಮನೆಯ ಒಬ್ಬರ ಕಾಲು ಸೋತ ಮರುದಿನವೇ ಒಂದೊಂದು ಹೊಸ್ತಿಲೂ ಒಂದೊಂದು ಗುಡ್ಡೆಯಾಗುತ್ತದೆ.

ಕಾಲು ಸೋಲಲು ನಮ್ಮಲ್ಲಿ ಕಾರಣ ಬೇಕಷ್ಟಿವೆ. ವಯಸ್ಸು, ಗಂಟುನೋವು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಎಲ್ಲ ಕಡೆ ಇದ್ದದ್ದೇ. ಅಡಿಕೆ, ತೆಂಗು, ಕಾಳುಮೆಣಸಿನ ಊರುಗಳಲ್ಲಿ ಇನ್ನೊಂದು ಸೇರುತ್ತದೆ - ಮರದಿಂದ ಬಿದ್ದು ಬೆನ್ನುಹುರಿಗೆ ಆಗುವ ಪೆಟ್ಟು. ಹೀಗೆ ಮಲಗುವವರಲ್ಲಿ ದುಡಿಯುವ ಪ್ರಾಯದವರೇ ಹೆಚ್ಚು. ಹೆಲಿಕಾಪ್ಟರಿನಿಂದ ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ್ದ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹುಟ್ಟಿದಂದಿನಿಂದಲೂ ನಡೆಯದ ಮಕ್ಕಳಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. ಆದರೆ ಆ ಮಕ್ಕಳನ್ನು ಎತ್ತಿ ಬಚ್ಚಲಿಗೆ ಒಯ್ಯುವ ಅಮ್ಮಂದಿರ ಸೊಂಟನೋವು ಈಗಲೂ ನಿಂತಿಲ್ಲ.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದು ಎರಡೇ. ಒಂದೋ 'ಮನೆಯನ್ನೇ ಒಡೆದು ಕಟ್ಟಬೇಕು, ನಮ್ಮಿಂದಾಗದು' ಅಂತ ಕೈಬಿಡುತ್ತೇವೆ. ಇಲ್ಲವೇ 'ಬೀಳುವುದು ಬೇಡ, ಅಲ್ಲೇ ಮಲಗಿರಲಿ' ಅಂತ ಮೂಲೆಯ ಕೋಣೆಗೆ ಸೇರಿಸುತ್ತೇವೆ. ಎರಡೂ ಬೇಕಾಗಿಲ್ಲ. ಇಡೀ ಮನೆ ಬದಲಾಗಬೇಕಾದ್ದಿಲ್ಲ. ಒಂದೇ ಒಂದು ದಾರಿ ಸರಿಯಾದರೆ ಸಾಕು. ಹಾಸಿಗೆಯಿಂದ ಬಚ್ಚಲಿಗೆ, ಅಲ್ಲಿಂದ ಊಟದ ಜಾಗಕ್ಕೆ, ಕೊನೆಗೆ ಅಂಗಳಕ್ಕೆ. ಹೆಚ್ಚಿನ ಕೆಲಸ ಊರಿನ ಮೇಸ್ತ್ರಿ, ಬಡಗಿ ಮತ್ತು ವೆಲ್ಡಿಂಗ್ ಶಾಪಿನವರಿಂದಲೇ ಆಗುವಂಥದ್ದು.

ಮೊದಲು ದಾರಿ ನೋಡಿ

ಕೆಲಸ ಶುರುಮಾಡುವ ಮೊದಲು ಒಂದು ದಿನ ಸುಮ್ಮನೆ ಗಮನಿಸಿ. ಅವರು ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಎಲ್ಲೆಲ್ಲಿ ಹೋಗುತ್ತಾರೆ, ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ಒಬ್ಬರ ಕೈ ಬೇಕಾಗುತ್ತದೆ? ಗೋಡೆಯಲ್ಲಿ ಕೈಯ ಕಲೆ ಬಿದ್ದ ಜಾಗವೇ ಹಿಡಿಕೆ ಬೇಕಾದ ಜಾಗ.

ಆಮೇಲೆ ಅವರಲ್ಲೇ ಕೇಳಿ. ಮನೆಯ ಉಳಿದವರು ಸೇರಿ ತೀರ್ಮಾನಿಸಿ ಮಾಡಿದ ಸೌಕರ್ಯ ಎಷ್ಟೋ ಸಲ ಬಳಕೆಯಾಗದೇ ಉಳಿಯುತ್ತದೆ. ಬಲಗೈ ಸೋತವರಿಗೆ ಬಲಬದಿಗೆ ಪೈಪು ಹಾಕಿಸಿ ಪ್ರಯೋಜನವೇನು?

ದೊಣ್ಣೆ ಹಿಡಿದು ನಡೆಯುವವರ ಅಗತ್ಯ ಬೇರೆ, ಗಾಲಿಕುರ್ಚಿಯವರದು ಬೇರೆ. ಊರುಗೋಲಿನವರಿಗೆ ತಗ್ಗಾದ ಮೆಟ್ಟಲು ಮತ್ತು ಹಿಡಿಕೆ ಅನುಕೂಲ. ಅವರಲ್ಲಿ ಹಲವರಿಗೆ ಇಳಿಜಾರಿನಲ್ಲಿ ಇಳಿಯುವುದೇ ಹೆದರಿಕೆ. ಗಾಲಿಕುರ್ಚಿಗೆ ಇಳಿಜಾರೇ ಆಗಬೇಕು.

ಮಂಚ

ನೆಲದಲ್ಲಿ ಚಾಪೆ ಹಾಸಿ ಮಲಗುವುದು ನಮ್ಮ ರೂಢಿ. ಮೊಣಕಾಲು ಸೋತವರಿಗೆ ನೆಲದಿಂದ ಏಳುವುದೇ ದಿನದ ದೊಡ್ಡ ಕೆಲಸ. ಮಂಚಕ್ಕೆ ಬದಲಾಯಿಸಿ. ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ನೇರ ಕೋನದಲ್ಲಿರಬೇಕು. ಹೆಚ್ಚಿನವರಿಗೆ ಹಾಸಿಗೆ ಸೇರಿ 18 ಇಂಚು ಸರಿಹೋಗುತ್ತದೆ. ಗಾಲಿಕುರ್ಚಿ ಬಳಸುವವರಾದರೆ ಕುರ್ಚಿಯ ಆಸನ ಮತ್ತು ಮಂಚ ಒಂದೇ ಮಟ್ಟದಲ್ಲಿರಲಿ. ಆಗ ಎತ್ತುವ ಕೆಲಸವಿಲ್ಲ, ಜರುಗಿದರಾಯಿತು.

ಮಂಚ ತಗ್ಗಾದರೆ ಕಾಲಿನಡಿಗೆ ಇಟ್ಟಿಗೆ ಇಡುವುದು ಬೇಡ. ಒಂದು ದಿನ ಜಾರುತ್ತದೆ. ಗಟ್ಟಿ ಮರದ ತುಂಡಿನ ನಡುವೆ ಒಂದು ಇಂಚು ಆಳದ ಗುಳಿ ಕೊರೆಸಿ ಮಂಚದ ಕಾಲನ್ನು ಅದರಲ್ಲಿ ಕೂರಿಸಿ. ಎದ್ದು ಕೂರಲು ಮೇಲಿನ ತೊಲೆಯಿಂದ ಗಂಟು ಹಾಕಿದ ಹಗ್ಗ ಇಳಿಬಿಡಬಹುದು. ತೊಟ್ಟಿಲು ಕಟ್ಟುತ್ತಿದ್ದ ಕೊಂಡಿಯೇ ಇದಕ್ಕೂ ಆದೀತು. ಕೊಂಡಿ ಗಟ್ಟಿಯಿದೆಯೇ ಅಂತ ಮೊದಲು ನೀವೇ ಜೋತು ನೋಡಿ.

ಮಂಚದ ಪಕ್ಕದಲ್ಲಿ ಕಾಲೊರಸು, ಹಳೆ ಸೀರೆಯ ಚಾಪೆ ಇರಬಾರದು. ದೊಣ್ಣೆ ಸಿಕ್ಕಿಕೊಳ್ಳುವುದು ಇಂಥದ್ದರಲ್ಲೇ.

ಬಾಗಿಲು, ಹೊಸ್ತಿಲು

ಸಾಮಾನ್ಯ ಗಾಲಿಕುರ್ಚಿ 25-26 ಇಂಚು ಅಗಲ. ತಳ್ಳುವವರ ಕೈಬೆರಳು ದಾರಂದಕ್ಕೆ ತಾಗದಿರಲು 32 ಇಂಚು ಜಾಗ ಬೇಕು. ಹೊಸ ಮನೆ ಕಟ್ಟುವವರು ಎಲ್ಲ ಬಾಗಿಲಿಗೂ, ಮುಖ್ಯವಾಗಿ ಬಚ್ಚಲಿಗೆ, 3 ಅಡಿ ಇಟ್ಟುಕೊಳ್ಳಿ. ಈಗ ಖರ್ಚು ಹೆಚ್ಚಿಲ್ಲ, ಆಮೇಲೆ ಒಡೆಯುವುದೇ ಖರ್ಚು.

ಹಳೆ ಮನೆಯಲ್ಲಿ ಬಾಗಿಲಿನ ಹಲಗೆಯನ್ನೇ ತೆಗೆದು ಪರದೆ ಹಾಕಿದರೆ ಒಂದೂವರೆ ಇಂಚಿನಷ್ಟು ಜಾಗ ಸಿಗುತ್ತದೆ. ಕೆಲವು ಕಡೆ ಇಷ್ಟರಲ್ಲೇ ಕುರ್ಚಿ ದಾಟುತ್ತದೆ. ಕುರ್ಚಿ ತಿರುಗಿಸಲು 5 ಅಡಿ ಉದ್ದಗಲದ ಖಾಲಿ ಜಾಗ ಕೋಣೆಯಲ್ಲಿ ಒಂದು ಕಡೆ ಇರಲಿ. ಪತ್ತಾಯ, ಅಡಿಕೆ ಚೀಲಗಳಿಗೆ ಬೇರೆ ಜಾಗ ನೋಡಿ.

ಹೊಸ್ತಿಲು ಸೂಕ್ಷ್ಮ ವಿಚಾರ. ತೆಗೆಯುವುದು ಬೇಡ, ಮೆಟ್ಟುವುದೂ ಬೇಡ ಅನ್ನುವವರು ಹಿರಿಯರೇ. ಒಂದು ಉಪಾಯ ಇದೆ. ಹೊಸ್ತಿಲಿನ ಎರಡೂ ಬದಿಗೆ ಓರೆಯಾದ ಹಲಗೆ, ನಡುವೆ ಹೊಸ್ತಿಲಿಗೆ ತಾಗದಂತೆ ಅಡ್ಡ ಹಲಗೆ. ಒಂದು ಪುಟ್ಟ ಸೇತುವೆ! ಹಲಸು ಅಥವಾ ಹೆಬ್ಬಲಸಿನ ಹಲಗೆ ತುಂಬ ವರ್ಷ ಬಾಳುತ್ತದೆ. 3 ಇಂಚಿನವರೆಗಿನ ಏರಿಗೆ ಪ್ರತಿ ಬದಿಯಲ್ಲಿ 2 ಅಡಿ ಉದ್ದದ ಓರೆ ಸಾಕು. ಹೊಸ್ತಿಲು ಇನ್ನೂ ಎತ್ತರವಿದ್ದರೆ ಓರೆಯೂ ಉದ್ದವಾಗಬೇಕು. ಅಡಿಯಲ್ಲಿ ಹಳೆ ಟಯರಿನ ರಬ್ಬರು ಹೊಡೆದರೆ ಹಲಗೆ ಸರಿಯುವುದಿಲ್ಲ. ಕಾವಿ ನೆಲದಲ್ಲಂತೂ ಇದು ಆಗಲೇಬೇಕು.

ಬಚ್ಚಲು

ಮನೆಯೊಳಗೆ ಹೆಚ್ಚು ಅಪಾಯದ ಜಾಗ ಇದು. ಒದ್ದೆ ನೆಲ, ಸಾಬೂನು, ಎಣ್ಣೆಸ್ನಾನದ ದಿನ ಎಣ್ಣೆ, ಮೇಲೆ ಹಂಡೆಯ ಹೊಗೆಯಿಂದ ಮಬ್ಬು.

ನೆಲ ನುಣುಪಾಗಿದ್ದರೆ ಒಡೆಯಬೇಕಾಗಿಲ್ಲ. ಅರೆಯುವ ಕಲ್ಲಿಗೆ ಉಳಿಪೆಟ್ಟು ಹಾಕಿಸುವಂತೆ ನೆಲಕ್ಕೂ ಹಗುರವಾಗಿ ಹಾಕಿಸಿದರೆ ಪಾದಕ್ಕೆ ಹಿಡಿತ ಸಿಗುತ್ತದೆ. ಟೈಲ್ಸ್ ಹಾಕಿಸುವುದಾದರೆ ಒರಟಾದದ್ದನ್ನು ಆರಿಸಿ. ಅಂಗಡಿಯಲ್ಲಿ ಒಂದು ತುಂಡಿಗೆ ಸಾಬೂನು ನೀರು ಹೊಯ್ದು ಹೆಬ್ಬೆರಳಲ್ಲಿ ಒತ್ತಿ ತಳ್ಳಿ ನೋಡಿ. ಬೆರಳು ಜಾರಿದರೆ ಕಾಲೂ ಜಾರೀತು.

ನಿಂತು ಸ್ನಾನ ಬೇಡ. ಅಗಲ ಕಾಲಿನ, ಭಾರದ ಮರದ ಅಥವಾ ಕಬ್ಬಿಣದ ಸ್ಟೂಲು ಇಡಿ. ತೆಳು ಪ್ಲಾಸ್ಟಿಕ್ ಕುರ್ಚಿಯ ಕಾಲು ಒದ್ದೆ ನೆಲದಲ್ಲಿ ಅಗಲಿಸಿಕೊಂಡು ಹೋಗುತ್ತದೆ. ಬಕೆಟನ್ನು ನೆಲದಲ್ಲಿಡದೆ ಒಂದೂವರೆ ಅಡಿ ಎತ್ತರದ ಕಟ್ಟೆಯ ಮೇಲಿಟ್ಟರೆ ಬಗ್ಗಬೇಕಾಗಿಲ್ಲ. ತಲೆಸುತ್ತಿ ಬೀಳುವುದು ಹೆಚ್ಚಾಗಿ ಬಗ್ಗಿ ಎದ್ದಾಗಲೇ.

ಹಂಡೆಯಿಂದ ತೋಡುವ ಕೆಲಸ ಬೇರೆಯವರು ಮಾಡಲಿ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬೆನ್ನುಹುರಿಗೆ ಪೆಟ್ಟಾದವರಿಗೆ ಮತ್ತು ಹಳೆಯ ಸಕ್ಕರೆ ಕಾಯಿಲೆಯವರಿಗೆ ಕಾಲಿನಲ್ಲಿ ಬಿಸಿ ತಿಳಿಯದೆ ಹೋಗಬಹುದು. ಚರ್ಮ ಬೆಂದರೂ ಅವರಿಗೆ ಗೊತ್ತಾಗದು. ಇನ್ನೊಬ್ಬರು ಮೊಣಕೈ ಅದ್ದಿ ನೋಡಿಯೇ ನೀರು ಕೊಡಬೇಕು.

ಬಾಗಿಲು ಹೊರಗಡೆಗೆ ತೆರೆಯುವಂತಿರಲಿ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗಿ, ಹೊರಗಿನವರು ತಳ್ಳಲಾಗದೆ ಪೇಚಾಡುವುದುಂಟು. ಒಳಚಿಲಕ ತೆಗೆದುಬಿಡಿ, ಮರ್ಯಾದೆಗೆ ಪರದೆ ಸಾಕು.

ಕಕ್ಕಸು

ಕುಕ್ಕರುಗಾಲಿನಲ್ಲಿ ಕೂರಲಾಗದವರಿಗೆ ಹಳೆ ಕಕ್ಕಸು ದೊಡ್ಡ ಶಿಕ್ಷೆ. ಕೂರಲು ಆಗದು ಅಂತಲೇ ಊಟ, ನೀರು ಕಡಿಮೆ ಮಾಡುವ ಅಜ್ಜಿಯಂದಿರಿದ್ದಾರೆ. ಇದರಿಂದ ಮಲಬದ್ಧತೆ, ಉರಿಮೂತ್ರ.

ಕಮೋಡ್ ಹಾಕಿಸುವುದಾದರೆ ಆಸನ 18 ಇಂಚು ಎತ್ತರವಿರಲಿ. ಹಾಕಿಸಲು ಆಗದಿದ್ದರೆ ಈಗಿರುವ ಕಕ್ಕಸಿನ ಮೇಲೆ ನಡುವೆ ತೂತಿರುವ ಕಬ್ಬಿಣದ ಕುರ್ಚಿ ಇಟ್ಟರಾಯಿತು. ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ವೆಲ್ಡಿಂಗ್ ಶಾಪಿನಲ್ಲೂ ಮಾಡಿಸಬಹುದು. ಎರಡೂ ಬದಿಗೆ ಕೈ ಇರಲೇಬೇಕು. ಏಳುವ ಬಲ ಬರುವುದು ಅಲ್ಲಿಂದ. ಕಾಲುಗಳಿಗೆ ರಬ್ಬರು ಬುಡ ಹಾಕಿ. ಹೊರಗಿನ ಕಕ್ಕಸು ದೂರವಿದ್ದರೆ ರಾತ್ರಿಯ ಮಟ್ಟಿಗೆ ಇದೇ ಕುರ್ಚಿಯ ಕೆಳಗೆ ಬಕೆಟ್ ಇಟ್ಟು ಕೋಣೆಯಲ್ಲೇ ವ್ಯವಸ್ಥೆ ಮಾಡಬಹುದು. ಮಳೆಗಾಲದ ನಡುರಾತ್ರಿ ಅಂಗಳ ದಾಟುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಹಿಡಿಕೆ ಪೈಪು

ಒಂದೂಕಾಲು ಇಂಚಿನ ಜಿಐ ಪೈಪು ಕೈಹಿಡಿತಕ್ಕೆ ಸರಿಯಾದ ಗಾತ್ರ. ಹೊರವ್ಯಾಸ 42 ಮಿಲಿಮೀಟರ್ ಬರುತ್ತದೆ. ನೀರಾವರಿಗೆ ತಂದು ಉಳಿದ ಪಿವಿಸಿ ಪೈಪು ಇದೆಯಲ್ಲ ಅಂತ ಅದನ್ನು ಹಾಕಬೇಡಿ. ಬಿಸಿಲಿಗೆ ಹಳತಾದ ಪಿವಿಸಿ ಬೇಕಾದ ಹೊತ್ತಿನಲ್ಲೇ ಮುರಿಯುತ್ತದೆ. ಗೋಡೆಗೂ ಪೈಪಿಗೂ 2 ಇಂಚು ಅಂತರ ಬಿಡಿ. ಹೆಚ್ಚು ಬಿಟ್ಟರೆ ಜಾರಿದಾಗ ಮೊಣಕೈ ನಡುವೆ ಸಿಕ್ಕೀತು. ನಡೆಯುವ ದಾರಿಯಲ್ಲಿ ಎತ್ತರ 30ರಿಂದ 36 ಇಂಚು.

ನಮ್ಮಲ್ಲಿ ದೊಡ್ಡ ತೊಡಕು ಗೋಡೆಯದ್ದು. ಕೆಂಪುಕಲ್ಲು, ಮಣ್ಣಿನ ಗೋಡೆಗಳಿಗೆ ಸ್ಕ್ರೂ ಹೊಡೆದರೆ ಮೊದಲ ಎಳೆತಕ್ಕೇ ಪುಡಿಯೊಂದಿಗೆ ಕಿತ್ತು ಬರುತ್ತದೆ. ಎರಡು ದಾರಿಗಳಿವೆ. ಗೋಡೆಯ ಆರ್‌ಪಾರ್ ತೂತು ಕೊರೆದು ಉದ್ದ ಬೋಲ್ಟ್ ಹಾಕಿ, ಆಚೆ ಬದಿಗೆ ಅಗಲ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯುವುದು ಒಂದು. ಗೋಡೆಯ ಗೊಡವೆಯೇ ಬೇಡ ಅಂತಾದರೆ ನೆಲದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಜಿಐ ಪೈಪಿನ ಕಂಬ ನಿಲ್ಲಿಸಿ ಕಾಂಕ್ರೀಟು ತುಂಬುವುದು ಇನ್ನೊಂದು. ಮನೆಯ ಅತಿ ಭಾರದ ವ್ಯಕ್ತಿ ಪೂರ್ತಿ ಭಾರ ಹಾಕಿ ಎಳೆದಾಗ ಅಲುಗದಿದ್ದರೆ ಮಾತ್ರ ಪಾಸು. ಅಲುಗುವ ಹಿಡಿಕೆ ಹಿಡಿಕೆ ಇಲ್ಲದ್ದಕ್ಕಿಂತ ಅಪಾಯ. ನಂಬಿ ಹಿಡಿದವರನ್ನೇ ಅದು ಬೀಳಿಸುತ್ತದೆ.

ಜಗಲಿಯಿಂದ ಅಂಗಳಕ್ಕೆ

ಇಳಿಜಾರಿನ ಲೆಕ್ಕ ಸುಲಭ. ಒಂದು ಇಂಚು ಏರಿಗೆ ಒಂದು ಅಡಿ ಉದ್ದ. ಜಗಲಿ 18 ಇಂಚು ಎತ್ತರವಿದ್ದರೆ ಇಳಿಜಾರು 18 ಅಡಿ. 'ಅಷ್ಟುದ್ದವೇ?' ಅಂತ ಅರ್ಧಕ್ಕೆ ಇಳಿಸಿದರೆ ತಳ್ಳುವವರಿಗೂ ಕಷ್ಟ, ಇಳಿಯುವಾಗ ಕುರ್ಚಿ ಕೈತಪ್ಪುವ ಭಯ. ತಮ್ಮಷ್ಟಕ್ಕೇ ಗಾಲಿ ತಿರುಗಿಸಿಕೊಂಡು ಹೋಗುವವರಂತೂ ಹತ್ತಲಾರರು.

ಜಗಲಿ ತುಂಬ ಎತ್ತರವಿದ್ದರೆ ಎದುರು ಬಾಗಿಲಿಗೇ ಹಟ ಹಿಡಿಯಬೇಡಿ. ಗುಡ್ಡೆ ಕಡಿದು ಮಟ್ಟ ಮಾಡಿ ಕಟ್ಟಿದ ನಮ್ಮ ಮನೆಗಳಲ್ಲಿ ಹಿಂಬದಿ ಅಥವಾ ಪಕ್ಕದ ಅಂಗಳ ಮನೆಯ ನೆಲಕ್ಕೆ ಹತ್ತಿರದ ಮಟ್ಟದಲ್ಲಿರುವುದುಂಟು. ಅಡುಗೆಮನೆಯ ಬಾಗಿಲಿಗೆ ಆರು ಇಂಚಿನ ಏರು ಮಾತ್ರ ಇದ್ದರೆ ಆರು ಅಡಿಯಲ್ಲಿ ಕೆಲಸ ಮುಗಿಯಿತು. ತೋಟದ ಕಣಿ ತೆಗೆಯುವಾಗ ಮಟ್ಟ ನೋಡುವ ನೀರು ತುಂಬಿದ ಟ್ಯೂಬಿನಿಂದಲೇ ಎಲ್ಲ ಬಾಗಿಲುಗಳ ಎತ್ತರ ಅಳೆದು ನೋಡಿ.

ಅಗಲ 4 ಅಡಿ. ಎರಡೂ ಅಂಚಿಗೆ 3 ಇಂಚಿನ ದಿಂಡು ಇರಲಿ, ಗಾಲಿ ಹೊರಗೆ ಜಾರದು. ಮೇಲ್ತುದಿಯಲ್ಲಿ, ಬಾಗಿಲಿನ ಎದುರು, 5 ಅಡಿ ಸಮತಟ್ಟು ಜಾಗ ಬೇಕು. ಇಲ್ಲಾಂದ್ರೆ ಬಾಗಿಲು ತೆರೆಯುವಾಗ ಕುರ್ಚಿ ಹಿಂದಕ್ಕೆ ಉರುಳುತ್ತದೆ. 18 ಅಡಿಯ ಇಳಿಜಾರಿಗೆ ಕೆಂಪುಕಲ್ಲಿನ ತುಂಡು, ಮಣ್ಣು ತುಂಬಿ ಚೆನ್ನಾಗಿ ದಿಮ್ಮಸು ಹಾಕಿ, ಮೇಲೆ 3 ಇಂಚು ಕಾಂಕ್ರೀಟು ಹಾಕಲು ಮೂರು-ನಾಲ್ಕು ಚೀಲ ಸಿಮೆಂಟು ಸಾಕು. ನುಣುಪು ಸಾರಣೆ ಬೇಡವೇ ಬೇಡ. ಕಾಂಕ್ರೀಟು ಹಸಿಯಿರುವಾಗಲೇ ಹಿಡಿಸೂಡಿಯಿಂದ ಅಡ್ಡಡ್ಡ ಗೀರು ಎಳೆಯಿರಿ. ಮಳೆಯಲ್ಲೂ ಹಿಡಿತ ಇರುತ್ತದೆ.

ದೊಣ್ಣೆ ಹಿಡಿಯುವವರಿಗಾದರೆ ಇಷ್ಟೆಲ್ಲ ಬೇಡ. ಎಂಟು ಇಂಚಿನ ಮೆಟ್ಟಲಿನ ಎದುರು ನಾಲ್ಕು ಇಂಚಿನ ಅರ್ಧ ಮೆಟ್ಟಲು ಕಟ್ಟಿ. ಅದು ಇಡೀ ಪಾದ ಹಿಡಿಯುವಷ್ಟು ಅಗಲವಿರಲಿ. ಜತೆಗೆ ಒಂದು ಬದಿಗೆ ಪೈಪು. ಮೆಟ್ಟಲಿನ ಅಂಚಿಗೆ ಬಿಳಿ ಬಣ್ಣದ ಗೆರೆ ಎಳೆದರೆ ಕಣ್ಣು ಮಂಜಾದವರಿಗೂ ತಿಳಿಯುತ್ತದೆ. ಅಂದಹಾಗೆ, ದೊಣ್ಣೆಯನ್ನು ಸೋತ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬುಡದ ರಬ್ಬರು ಸವೆದ ಕೂಡಲೇ ಬದಲಿಸಬೇಕು.

ಮಳೆಗಾಲದ ಸಿದ್ಧತೆ

ತೋಟಕ್ಕೆ ಬೋರ್ಡೋ ಹೊಡೆಯಲು ತಯಾರಿ ಮಾಡುವ ಹೊತ್ತಿಗೇ ಈ ದಾರಿಯನ್ನೂ ನೋಡಿಕೊಳ್ಳಿ. ಸೂರಿನ ನೀರು ಇಳಿಜಾರಿಗೆ ಬೀಳದಂತೆ ದಂಬೆ ಕಟ್ಟಿ. ಹಾವಸೆ ಹಿಡಿಯುವ ಮೊದಲೇ ತಿಕ್ಕಿ ತೊಳೆದು ಬ್ಲೀಚಿಂಗ್ ಪುಡಿ ಹಾಕಿ. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು ಗಟ್ಟಿ ಕಾಲಿನವರಿಗೆ ಸರಿ. ನಾಲ್ಕು ಮಳೆ ಬಂದ ಮೇಲೆ ದಬ್ಬೆಯೂ ಲೋಳೆಯಾಗುತ್ತದೆ. ದೊಣ್ಣೆ ದಬ್ಬೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನಡಿಗೆ ಕಷ್ಟವಿರುವವರ ದಾರಿಗೆ 4 ಅಡಿ ಅಗಲದ ಒರಟು ಕಾಂಕ್ರೀಟು ಪಟ್ಟಿಯೇ ಒಳ್ಳೇದು.

ಬೆಳಕು ಮತ್ತು ಕರೆ

ಮಂಚದಿಂದ ಕಕ್ಕಸಿನವರೆಗೆ ರಾತ್ರಿಯಿಡೀ ಮಿಣುಕು ಬೆಳಕಿರಲಿ. ಚಿಕ್ಕ ಎಲ್‌ಇಡಿಗೆ ಕರೆಂಟು ಖರ್ಚು ಲೆಕ್ಕಕ್ಕಿಲ್ಲ. ಕರೆಂಟು ಹೋಗುವ ನಮ್ಮ ಊರುಗಳಿಗೆ ಸೋಲಾರ್ ದೀಪ ಇನ್ನೂ ಸರಿ. ಮಲಗಿದಲ್ಲಿಂದಲೇ ಕೈಗೆಟಕುವಂತೆ ಸ್ವಿಚ್ಚು, ಟಾರ್ಚು, ಕುಡಿಯುವ ನೀರು ಇಡಿ.

ನಮ್ಮದು ಒಂಟಿಮನೆಗಳ ಊರು. ಎಲ್ಲರೂ ತೋಟದಲ್ಲಿದ್ದರೆ ಒಳಗೆ ಬಿದ್ದವರ ಕೂಗು ಯಾರಿಗೂ ಕೇಳಿಸದು. ಬಿದ್ದು ಗಂಟೆಗಟ್ಟಲೆ ತಣ್ಣಗಿನ ನೆಲದಲ್ಲಿ ಮಲಗುವುದು ಪೆಟ್ಟಿಗಿಂತಲೂ ಹೆಚ್ಚು ಹಾನಿ ಮಾಡಬಹುದು. ಕೊರಳಿಗೆ ದಾರದಲ್ಲಿ ಮೊಬೈಲು ಅಥವಾ ಒಂದು ಸೀಟಿ ಹಾಕಿಕೊಳ್ಳಲಿ. ತಂತಿಯಿಲ್ಲದ ಕಾಲಿಂಗ್ ಬೆಲ್ ಕೂಡ ಆದೀತು. ಒಂದು ಗುಂಡಿ ಮಂಚದ ಬಳಿ, ಇನ್ನೊಂದು ಬಚ್ಚಲಿನಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿ. ಬಿದ್ದವರಿಗೆ ಎಟಕುವುದು ಅಷ್ಟೇ ಎತ್ತರ.

ಸ್ಪರ್ಶ ತಿಳಿಯದವರಿಗೆ

ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶ ಇಲ್ಲದವರಿಗೆ ದೊಡ್ಡ ಶತ್ರು ಒತ್ತಡದ ಹುಣ್ಣು. ಮಲಗಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿದ್ದರೆ ಕಾಲು-ಅರ್ಧ ಗಂಟೆಗೊಮ್ಮೆ ಕೈಯೂರಿ ದೇಹ ಎತ್ತಬೇಕು, ಇಲ್ಲವೇ ಬದಿಗೆ ವಾಲಬೇಕು. ದಿನಕ್ಕೊಮ್ಮೆ ಕನ್ನಡಿ ಹಿಡಿದು ಪೃಷ್ಠ, ಸೊಂಟ, ಹಿಮ್ಮಡಿ ನೋಡಿ. ಕೆಂಪಾಗಿ ಹಾಗೇ ಉಳಿದ ಜಾಗಕ್ಕೆ ಮತ್ತೆ ಭಾರ ಬೀಳಬಾರದು. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸುವ ರೂಢಿ ಸರಿಯಲ್ಲ. ಟ್ಯೂಬಿನ ಸುತ್ತು ರಕ್ತ ಸಂಚಾರಕ್ಕೆ ತಡೆಯಾಗುತ್ತದೆ. ಹುಣ್ಣು ಒಡೆದರೆ ಮನೆಮದ್ದು ಮಾಡುತ್ತ ಕೂರಬೇಡಿ, ಡಾಕ್ಟರಲ್ಲಿಗೆ ಹೋಗಿ.

ಬೆಳ್ತಂಗಡಿ ತಾಲೂಕಿನ ಕೊಕ್ಕಡ ಬಳಿಯ ಸೌತಡ್ಕದಲ್ಲಿ ಕನ್ಯಾಡಿಯ ಸೇವಾಭಾರತಿ ಸಂಸ್ಥೆ 'ಸೇವಾಧಾಮ' ಎಂಬ ಪುನಶ್ಚೇತನ ಕೇಂದ್ರ ನಡೆಸುತ್ತಿದೆ. ಬೆನ್ನುಹುರಿ ಪೆಟ್ಟಾದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಕಲಿಯುವ ಇಂಥ ಜಾಗಗಳ ಬಗ್ಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೇಳಿ ಪಡೆಯಬೇಕಾದ್ದು

ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಇದ್ದು ಆದಾಯ ಮಿತಿಯೊಳಗಿದ್ದರೆ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಗಾಲಿಕುರ್ಚಿ, ಊರುಗೋಲುಗಳಂಥ ಸಾಧನ ಸಿಗುತ್ತದೆ. ಇದು 1981ರಿಂದಲೂ ಇದೆ. ಬಡ ಕುಟುಂಬದ 60 ದಾಟಿದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಪ್ರಮಾಣಪತ್ರದ ಜತೆಗೆ ಈಗ ಯುಡಿಐಡಿ ಕಾರ್ಡೂ ಇದೆ. ಗ್ರಾಮ ಪಂಚಾಯತಿಗಳು ಅಂಗವಿಕಲರ ಕಲ್ಯಾಣಕ್ಕೆ ಶೇ. 5 ಮೊತ್ತ ಮೀಸಲಿಡಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯತಿ ಮಟ್ಟದಲ್ಲಿದ್ದಾರೆ. ಅವರನ್ನು ಕಂಡರೆ ಅರ್ಜಿಯ ದಾರಿ ತಿಳಿಯುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳದಿದ್ದರೆ ಈ ಹಣ ಎಲ್ಲಿ ಹೋಯಿತು ಅಂತಲೂ ತಿಳಿಯುವುದಿಲ್ಲ.

ಅಂಗಳ ಯಾಕೆ?

'ಮಗಾ, ಒಂದು ಸಲ ಹೊರಗೆ ಕೂರಿಸು' - ಕೋಣೆ ಸೇರಿದವರು ಮತ್ತೆಮತ್ತೆ ಕೇಳುವುದು ಇದನ್ನೇ. ಕೃಷಿಕನ ಮನೆಯ ಬದುಕೆಲ್ಲ ನಡೆಯುವುದು ಅಂಗಳದಲ್ಲಿ. ಅಡಿಕೆ ಹರವುವುದು, ಬಂದವರ ಮಾತು, ದನದ ಕೂಗು. ಬಿಸಿಲು ಕಾಣದೆ ಗೋಡೆ ನೋಡುತ್ತಾ ಮಲಗಿದವರ ಮೈಯಷ್ಟೇ ಅಲ್ಲ, ಮನಸ್ಸೂ ಕುಗ್ಗುತ್ತದೆ.

ಅಂಗಳಕ್ಕೆ ಬಂದವರು ಕೆಲಸಕ್ಕೂ ಕೈ ಚಾಚುತ್ತಾರೆ. ನೆಲದಲ್ಲಿ ಮಾಡುವ ಕೆಲಸವನ್ನು ಮೇಜಿನ ಮಟ್ಟಕ್ಕೆ ಏರಿಸಿಕೊಟ್ಟರೆ ಸಾಕು. ಗಾಲಿಕುರ್ಚಿಯಲ್ಲಿ ಕೂತವರ ಮೊಣಕಾಲು ಕೆಳಗೆ ಹಿಡಿಸುವಂಥ, 30 ಇಂಚು ಎತ್ತರದ ಮೇಜು. ಅಡಿಕೆ ಬೇರ್ಪಡಿಸುವುದು, ಕಾಳುಮೆಣಸು ಹೆಕ್ಕುವುದು, ತೊಟ್ಟೆಗೆ ಮಣ್ಣು ತುಂಬಿ ಗಿಡ ಮಾಡುವುದು, ಮಲ್ಲಿಗೆ ಕಟ್ಟುವುದು, ತೋಟದ ಲೆಕ್ಕ ಬರೆಯುವುದು. ಮರ ಹತ್ತುತ್ತಿದ್ದವರಿಗೆ ಅಡಿಕೆಯ ಗುಣಮಟ್ಟ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೊರಡಬೇಡಿ. ಮೊದಲ ವಾರ ಖರ್ಚಿಲ್ಲದ್ದು - ದಾರಿಯ ಸಾಮಾನು ತೆಗೆಯುವುದು, ಚಿಲಕ ತೆಗೆಯುವುದು, ರಾತ್ರಿ ದೀಪ, ಸೀಟಿ. ಎರಡನೆಯದು ಬಚ್ಚಲಿನ ನೆಲ, ಸ್ಟೂಲು, ಹಿಡಿಕೆ. ಮೂರನೆಯದು ಮಳೆ ಬಿಟ್ಟ ಮೇಲೆ ಇಳಿಜಾರು. ಹೊಸ ಮನೆ ಕಟ್ಟುವವರಂತೂ ನಕ್ಷೆಯಲ್ಲೇ ಇವನ್ನು ಸೇರಿಸಿಕೊಳ್ಳಿ. ಇವತ್ತು ಮರ ಹತ್ತುವ ನಮಗೂ ಎಪ್ಪತ್ತು ವರ್ಷ ಆಗುವುದಿದೆ.

ನಿಮ್ಮಲ್ಲಿ ಇಂಥ ಸುಧಾರಣೆ ಮಾಡಿಕೊಂಡಿದ್ದರೆ ಅಳತೆ, ಖರ್ಚುಗಳ ಸಹಿತ ಪತ್ರಿಕೆಗೆ ಬರೆಯಿರಿ. ನಿಮ್ಮ ಬಡಗಿ ಮಾಡಿದ ಒಂದು ಹಲಗೆ ಇನ್ನೊಬ್ಬರನ್ನು ಕೋಣೆಯಿಂದ ಹೊರಗೆ ತಂದೀತು.